ನಾಲ್ಕು ಚಾನಲ್, ಒಂದೇ ಗ್ರೌಂಡ್: ಕಾಫಿ ಡ್ರೈಯರ್ ಬೋರ್ಡಿನ ಒಂದು ಪ್ರಕರಣ

ಹಾಸನದ ಕೈಗಾರಿಕಾ ಪ್ರದೇಶದಲ್ಲಿರುವ ಒಂದು ಸಣ್ಣ ಕಂಪನಿ ಕಾಫಿ ಡ್ರೈಯರ್‌ಗಳಿಗೆ ಉಷ್ಣಾಂಶ ನಿಯಂತ್ರಕ ತಯಾರಿಸುತ್ತದೆ. ಸಕಲೇಶಪುರ, ಆಲೂರು, ಬೇಲೂರು ಕಡೆಯ ತೋಟಗಳಲ್ಲಿ ಕೊಯ್ಲು ನಡೆಯುವ ದಿನಗಳಲ್ಲೇ ಒಮ್ಮೊಮ್ಮೆ ಮಳೆ ಬೀಳುತ್ತದೆ. ಕಣದಲ್ಲಿ ಹರಡಿದ ಕಾಫಿ ಒಣಗದೆ ಬೂಷ್ಟು ಹಿಡಿಯುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂಬ ಸುದ್ದಿ ನವೆಂಬರ್, ಡಿಸೆಂಬರ್‌ನಲ್ಲಿ ಬಂದರೆ ಸಾಕು, ಡ್ರೈಯರ್ ಇರುವವರಿಗೆ ಸ್ವಲ್ಪ ನೆಮ್ಮದಿ, ಇಲ್ಲದವರಿಗೆ ಇದ್ದವರ ಮನೆಗೆ ಫೋನ್ ಮಾಡುವ ಕೆಲಸ. ಆದರೆ ಡ್ರೈಯರ್ ಗಾಳಿ ಮಿತಿ ಮೀರಿ ಬಿಸಿಯಾದರೆ ಬೀಜದ ಮೇಲಿನ ಪಾರ್ಚ್‌ಮೆಂಟ್ ಸಿಪ್ಪೆ ಒಡೆದು ಕಾಫಿಯ ಗುಣಮಟ್ಟ ಹಾಳಾಗುತ್ತದೆ. ಹೀಗಾಗಿ ಉಷ್ಣಾಂಶ ಓದುವ ಬೋರ್ಡು ನಂಬಿಕೆಗೆ ಅರ್ಹವಾಗಿರಲೇಬೇಕು.

ಕಂಪನಿಯ ಹೊಸ ಮಾದರಿಯಲ್ಲಿ ನಾಲ್ಕು ಥರ್ಮೋಕಪಲ್ (ಬಿಸಿಯನ್ನು ಸಣ್ಣ ವೋಲ್ಟೇಜಾಗಿ ತೋರಿಸುವ, ಎರಡು ಲೋಹಗಳ ತಂತಿಯ ಸೆನ್ಸರ್) ಚಾನಲ್‌ಗಳಿದ್ದವು. ಬಿಸಿಗಾಳಿ ಒಳಬರುವ ಬಾಯಿಯಲ್ಲಿ ಒಂದು, ಕಾಫಿ ತುಂಬುವ ಪೆಟ್ಟಿಗೆಯ ಎರಡು ಬದಿಗೆ ಒಂದೊಂದು, ಗಾಳಿ ಹೊರಹೋಗುವಲ್ಲಿ ಇನ್ನೊಂದು. ಮೊದಲ ಬೋರ್ಡುಗಳನ್ನು ಸಕಲೇಶಪುರದ ಬಳಿಯ ತೋಟವೊಂದರಲ್ಲಿ ಪರೀಕ್ಷೆಗೆ ಕೂರಿಸಿದಾಗ ಬ್ಲೋವರ್ ಶುರುವಾದ ಕೂಡಲೇ ಓದುವಿಕೆ ಕೆಲವು ಡಿಗ್ರಿ ಆಚೀಚೆ ಹೊಯ್ದಾಡತೊಡಗಿತು. ಕಂಪನಿ ಮೊದಲು ಸೆನ್ಸರ್ ಬದಲಿಸಿತು. ಆಮೇಲೆ ಕೇಬಲ್ಲಿಗೆ ಶೀಲ್ಡ್ ಹಾಕಿತು. ಅದೂ ಆಗದಿದ್ದಾಗ ಸಾಫ್ಟ್‌ವೇರ್‌ನಲ್ಲಿ ಸರಾಸರಿ ತೆಗೆದು ಹೊಯ್ದಾಟವನ್ನು ಮುಚ್ಚುವ ಪ್ರಯತ್ನ ನಡೆಯಿತು. ಸರಾಸರಿ ತೆಗೆದರೆ ಹೊಯ್ದಾಟ ಕಾಣುವುದಿಲ್ಲ, ತಪ್ಪು ಮಾತ್ರ ಹಾಗೇ ಉಳಿಯುತ್ತದೆ.

ಸಮಸ್ಯೆಯ ಬಗ್ಗೆ ಎಲ್ಲರಿಗಿಂತ ನಿಖರವಾಗಿ ಹೇಳಿದವರು ಆ ತೋಟದ ರೈಟರ್, ಅಂದರೆ ತೋಟದ ಲೆಕ್ಕಪತ್ರ ನೋಡುವವರು. "ಸರ್, ಒಂದೊಂದೇ ಸೆನ್ಸರ್ ಸಿಕ್ಕಿಸಿದರೆ ನಾಲ್ಕೂ ಸರಿಯಾಗಿಯೇ ತೋರಿಸುತ್ತವೆ. ಎರಡು ಒಟ್ಟಿಗೆ ಸಿಕ್ಕಿಸಿ ನೋಡಿ, ಆಗ ಕುಣಿಯಲು ಶುರು" ಎಂದರು. ನನಗೆ ಸ್ಕೀಮ್ಯಾಟಿಕ್, ಅಂದರೆ ಸರ್ಕ್ಯೂಟಿನ ನಕ್ಷೆಯ, ಪರಿಶೀಲನೆಗೆ ಕರೆ ಬಂದಾಗ ಕಂಪನಿಯ ವರದಿಯ ಜೊತೆಗೆ ಈ ಮಾತೂ ಸೇರಿ ಬಂತು. ವರದಿಯನ್ನು ಆಮೇಲೆ ಓದಿದರಾಯಿತು ಎಂದುಕೊಂಡು ಈ ಮಾತಿನಿಂದಲೇ ಕೆಲಸ ಶುರು ಮಾಡಿದೆ.

ಐಸೊಲೇಷನ್ ಏಕೆ ಬೇಕಿತ್ತು

ಬಳಸಿದ್ದು ಕೆ-ಟೈಪ್ ಥರ್ಮೋಕಪಲ್, ತುದಿಯನ್ನು ಲೋಹದ ಕವಚಕ್ಕೇ ಬೆಸೆದ ಜಾತಿಯದು. ಅದು ಬಿಸಿಗೆ ಬೇಗ ಸ್ಪಂದಿಸುತ್ತದೆ, ಗಟ್ಟಿಮುಟ್ಟಾಗಿಯೂ ಇರುತ್ತದೆ. ಆದರೆ ಸೆನ್ಸರಿನ ತಂತಿಗೂ ಡ್ರೈಯರ್‌ನ ಕಬ್ಬಿಣದ ಮೈಗೂ ನೇರ ವಿದ್ಯುತ್ ಸಂಪರ್ಕ ಏರ್ಪಡುತ್ತದೆ. ಅದನ್ನು ಓದುವ ಮ್ಯಾಕ್ಸ್31855 ಚಿಪ್‌ಗೆ ಇದು ಒಗ್ಗುವುದಿಲ್ಲ. ಥರ್ಮೋಕಪಲ್ ತಂತಿ ತನ್ನ ಗ್ರೌಂಡ್‌ಗೆ, ಅಂದರೆ ಸೊನ್ನೆ ವೋಲ್ಟಿನ ತಂತಿಗೆ, ತಾಗಿದರೆ ಆ ಚಿಪ್ ಅದನ್ನು ದೋಷವೆಂದು ವರದಿ ಮಾಡುತ್ತದೆ.

ಇದನ್ನು ತಿಳಿದೇ ವಿನ್ಯಾಸಕರು ಪ್ರತಿ ಚಾನಲ್‌ಗೂ ನೇರ ಸಂಪರ್ಕವಿಲ್ಲದೆ ವಿದ್ಯುತ್ ದಾಟಿಸುವ ಬೇರೆ ಬೇರೆ ಐಸೊಲೇಟೆಡ್ ಡಿಸಿ-ಡಿಸಿ ಮಾಡ್ಯೂಲ್, 3.3 ವೋಲ್ಟ್ ರೆಗ್ಯುಲೇಟರ್, ಹಾಗೆಯೇ ಸಂಕೇತ ದಾಟಿಸುವ ಡಿಜಿಟಲ್ ಐಸೊಲೇಟರ್ ಹಾಕಿದ್ದರು. ಖರ್ಚಿನ ದಾರಿ, ಆದರೆ ಸರಿಯಾದ ದಾರಿ. ಕೆ-ಟೈಪ್ ಥರ್ಮೋಕಪಲ್ ಒಂದು ಡಿಗ್ರಿಗೆ ಕೊಡುವುದು ಸುಮಾರು 41 ಮೈಕ್ರೋವೋಲ್ಟ್ ಮಾತ್ರ. ಒಂದು ಮಿಲಿವೋಲ್ಟ್ ಎಲ್ಲಿಂದಲಾದರೂ ಒಳನುಸುಳಿದರೆ 24 ಡಿಗ್ರಿಯಷ್ಟು ತಪ್ಪು. ಬ್ಲೋವರ್ ಮೋಟಾರ್ ಓಡುವಾಗ ಡ್ರೈಯರ್‌ನ ಮೈಯ ಎರಡು ಜಾಗಗಳ ನಡುವೆ ಕೆಲವು ಮಿಲಿವೋಲ್ಟ್ ವ್ಯತ್ಯಾಸ ಇರುವುದು ಸಹಜ. ಚಾನಲ್‌ಗಳು ಒಂದರಿಂದೊಂದು ನಿಜವಾಗಿ ಬೇರ್ಪಟ್ಟಿದ್ದರೆ ಆ ವ್ಯತ್ಯಾಸದಿಂದ ಕರೆಂಟ್ ಹರಿಯಲು ದಾರಿಯೇ ಇರುವುದಿಲ್ಲ. ಎರಡು ಸೆನ್ಸರ್ ಒಟ್ಟಿಗೆ ಹಾಕಿದಾಗ ಮಾತ್ರ ತೊಂದರೆ ಎಂದರೆ, ಎಲ್ಲೋ ದಾರಿ ಇದೆ ಎಂದೇ ಅರ್ಥ.

ಮುಖ್ಯ ಗ್ರೌಂಡ್‌ಗೂ ಚಾನಲ್ ಗ್ರೌಂಡ್‌ಗೂ ನಡುವೆ ಮಲ್ಟಿಮೀಟರ್ ಇಟ್ಟು ನೋಡಿದ್ದೀರಾ ಎಂದು ಕೇಳಿದೆ. ನೋಡಿದ್ದರು, ಸಂಪರ್ಕ ಇರಲಿಲ್ಲ, ಐಸೊಲೇಷನ್ ಸರಿ ಇದೆ ಎಂದು ಟಿಕ್ ಹಾಕಿದ್ದರು. ಒಂದು ಚಾನಲ್‌ಗೂ ಇನ್ನೊಂದು ಚಾನಲ್‌ಗೂ ನಡುವೆ ನೋಡಿರಲಿಲ್ಲ. ಅಷ್ಟರಲ್ಲಿ ಬೆಸುಗೆ ಕೆಲಸದ ಹುಡುಗ ಒಂದು ಮಾತು ಹೇಳಿದ. ಒಂದು ಬೋರ್ಡಿನಲ್ಲಿ ಮೂರನೆಯ ಚಾನಲ್‌ನ ಡಿಸಿ-ಡಿಸಿ ಮಾಡ್ಯೂಲ್ ಕೆಟ್ಟಿದ್ದರಿಂದ ಅದನ್ನು ಕಿತ್ತಿಟ್ಟಿದ್ದನಂತೆ, ಹೊಸದು ಇನ್ನೂ ಹಾಕಿರಲಿಲ್ಲವಂತೆ. "ಆದರೂ ಮೂರನೆಯ ಚಾನಲ್ ಕೆಲಸ ಮಾಡುತ್ತಲೇ ಇದೆ ಸರ್."

ವಿದ್ಯುತ್ ಮೂಲವನ್ನೇ ಕಿತ್ತ ಮೇಲೂ ಬದುಕಿರುವ ಚಾನಲ್ ಬೇರೆಯವರ ಮನೆಯ ಅನ್ನ ತಿನ್ನುತ್ತಿದೆ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ. ಇನ್ನು ತಿಳಿಯಬೇಕಿದ್ದದ್ದು, ಅದು ಬೋರ್ಡಿನ ತಯಾರಿಕೆಯ ದೋಷವೋ, ಲೇಔಟ್‌ನದೋ (ಬೋರ್ಡಿನ ಮೇಲೆ ತಾಮ್ರದ ಗೆರೆ ಹಾಕುವ ಹಂತ), ನಕ್ಷೆಯದೋ ಎಂಬುದು.

ನಕ್ಷೆಯಲ್ಲಿ ಕಾಣದ್ದು

ಸ್ಕೀಮ್ಯಾಟಿಕ್ ಇದ್ದದ್ದು ಕಿಕ್ಯಾಡ್‌ನಲ್ಲಿ. ಗ್ರೆನೋಬಲ್‌ನ ತಾಂತ್ರಿಕ ಸಂಸ್ಥೆಯಲ್ಲಿದ್ದ ಜಾನ್-ಪಿಯರ್ ಶರಾ 1992ರಲ್ಲಿ ಆರಂಭಿಸಿದ ಈ ಮುಕ್ತ ತಂತ್ರಾಂಶವನ್ನು ಈಗ ಸಣ್ಣ ಕಂಪನಿಗಳು ಧೈರ್ಯವಾಗಿ ಬಳಸುತ್ತವೆ. ಲೈಸೆನ್ಸ್ ಖರ್ಚಿಲ್ಲ, ಕಡತಗಳು ಸರಳ ಪಠ್ಯದಲ್ಲಿರುತ್ತವೆ. ಈ ಎರಡನೆಯ ಗುಣವೇ ನಮ್ಮನ್ನು ಕಾಪಾಡಿತು.

ನಕ್ಷೆ ಶ್ರೇಣಿಬದ್ಧವಾಗಿತ್ತು. ಮೇಲಿನ ಹಾಳೆಯಲ್ಲಿ ಮೈಕ್ರೋಕಂಟ್ರೋಲರ್, ಅದರ ಕೆಳಗೆ ವಿದ್ಯುತ್ ಪೂರೈಕೆ, ರಿಲೇ, ಡಿಸ್‌ಪ್ಲೇ, ಸಂವಹನ ಎಂದು ಉಪಹಾಳೆಗಳು. ಥರ್ಮೋಕಪಲ್ ಚಾನಲ್‌ಗೆ ಒಂದೇ ಕಡತ, ಅದನ್ನು ಮೇಲಿನ ಹಾಳೆಯಲ್ಲಿ ನಾಲ್ಕು ಪೆಟ್ಟಿಗೆಗಳಾಗಿ ಇಡಲಾಗಿತ್ತು. ಒಂದು ಸಲ ಬರೆದು ನಾಲ್ಕು ಸಲ ಬಳಸುವುದು ಶ್ರೇಣಿಬದ್ಧ ನಕ್ಷೆಯ ದೊಡ್ಡ ಅನುಕೂಲ. ಪರದೆಯ ಮೇಲೆ ನಾವು ನೋಡುವುದು ಮಾತ್ರ ಯಾವಾಗಲೂ ಒಂದೇ ಪ್ರತಿಯನ್ನು.

ಚಾನಲ್ ಹಾಳೆಯನ್ನು ತೆರೆದರೆ ಎಲ್ಲವೂ ಅಚ್ಚುಕಟ್ಟು. ಎಡಗಡೆ ಮುಖ್ಯ ಗ್ರೌಂಡ್, ನಡುವೆ ಐಸೊಲೇಟರ್, ಬಲಗಡೆ ಬೇರೆಯದೇ ಗ್ರೌಂಡ್ ಚಿಹ್ನೆ, ಅದರ ಕೆಳಗೆ ಜಿಎನ್‌ಡಿ_ಐಸೊ ಎಂಬ ಹೆಸರು. 3.3 ವೋಲ್ಟ್‌ಗೆ ಕೂಡ 3ವಿ3_ಐಸೊ ಎಂಬ ಪ್ರತ್ಯೇಕ ಪವರ್ ಚಿಹ್ನೆ. ಎರಡು ಬದಿಗಳ ನಡುವೆ ಒಂದು ತಂತಿಯೂ ದಾಟಿಲ್ಲ. ಆ ಹಾಳೆಯನ್ನು ಮುದ್ರಿಸಿ ಯಾವ ವಿನ್ಯಾಸಕರ ಮುಂದೆ ಇಟ್ಟರೂ ಸರಿ ಇದೆ ಎಂದೇ ಸಹಿ ಹಾಕುತ್ತಾರೆ.

ಕಿಕ್ಯಾಡ್‌ನಲ್ಲಿ ತಂತಿಗೆ ಹೆಸರು ಕೊಡುವ ಸಾದಾ ಲೇಬಲ್ ಆಯಾ ಹಾಳೆಯ ಆಯಾ ಪ್ರತಿಗೆ ಸೀಮಿತ. ಹೈರಾರ್ಕಿಕಲ್ ಲೇಬಲ್ ಹಾಳೆಯ ಪೆಟ್ಟಿಗೆಯ ಪಿನ್ ಮೂಲಕ ಮೇಲಿನ ಹಾಳೆಗೆ ಮಾತ್ರ ಹೋಗುತ್ತದೆ. ಗ್ಲೋಬಲ್ ಲೇಬಲ್ ಮತ್ತು ಪವರ್ ಚಿಹ್ನೆಗಳಿಗೆ ಗೋಡೆಯೇ ಇಲ್ಲ, ಅದೇ ಹೆಸರು ವಿನ್ಯಾಸದಲ್ಲಿ ಎಲ್ಲೇ ಇದ್ದರೂ ಎಲ್ಲವೂ ಒಂದೇ ನೆಟ್, ಅಂದರೆ ಒಂದೇ ತಂತಿಗೆ ಸೇರಿದಂತೆ. ಜಿಎನ್‌ಡಿ_ಐಸೊ ಪವರ್ ಚಿಹ್ನೆಯಾಗಿದ್ದರಿಂದ ನಾಲ್ಕು ಪ್ರತಿಗಳ ಐಸೊಲೇಟೆಡ್ ಗ್ರೌಂಡ್‌ಗಳು ಒಂದಾಗಿದ್ದವು. 3ವಿ3_ಐಸೊ ಕೂಡ ಹಾಗೆಯೇ. ನಾಲ್ಕು ರೆಗ್ಯುಲೇಟರ್‌ಗಳ ಔಟ್‌ಪುಟ್‌ಗಳು ಒಂದಕ್ಕೊಂದು ಅಂಟಿಕೊಂಡು, ಕಿತ್ತಿಟ್ಟ ಮೂರನೆಯ ಮಾಡ್ಯೂಲಿನ ಚಾನಲ್‌ಗೆ ಉಳಿದ ಮೂರು ಊಟ ಹಾಕುತ್ತಿದ್ದವು.

ಹೀಗಾಗಲು ಕಾರಣ ಯಾರ ದಡ್ಡತನವೂ ಅಲ್ಲ. ಆ ಹಾಳೆ ಕಂಪನಿಯ ಹಳೆಯ ಒಂದೇ ಚಾನಲ್‌ನ ಮಾದರಿಯಿಂದ ಬಂದಿತ್ತು. ಅಲ್ಲಿ ಐಸೊಲೇಟೆಡ್ ಗ್ರೌಂಡ್ ಇದ್ದದ್ದೇ ಒಂದು, ಪವರ್ ಚಿಹ್ನೆ ಬಳಸಿದ್ದು ಸರಿಯಾಗಿಯೇ ಇತ್ತು. ಹಾಳೆಯನ್ನು ನಾಲ್ಕು ಸಲ ಇಟ್ಟ ಕ್ಷಣ ಅದರೊಳಗೆ ಒಂದು ಗೆರೆಯೂ ಬದಲಾಗದೆ ಅದರ ಅರ್ಥ ಬದಲಾಯಿತು.

ಇಆರ್‌ಸಿ, ಅಂದರೆ ವಿದ್ಯುತ್ ನಿಯಮಗಳ ಸ್ವಯಂಚಾಲಿತ ಪರೀಕ್ಷೆ, ಏಕೆ ಸುಮ್ಮನಿತ್ತು? ಗ್ರೌಂಡ್‌ಗಳು ಒಂದಾದದ್ದನ್ನು ಅದು ಹೇಗೂ ಹೇಳುತ್ತಿರಲಿಲ್ಲ. ಡಿಸಿ-ಡಿಸಿ ಮಾಡ್ಯೂಲಿನ ಚಿಹ್ನೆಯನ್ನು ಕಂಪನಿಯೇ ಬರೆದುಕೊಂಡಿತ್ತು, ಅದರ ಪಿನ್ನುಗಳಿಗೆಲ್ಲ ಪ್ಯಾಸಿವ್, ಅಂದರೆ ಇನ್‌ಪುಟ್ಟೂ ಅಲ್ಲದ ಔಟ್‌ಪುಟ್ಟೂ ಅಲ್ಲದ ಪಿನ್, ಎಂಬ ಗುರುತು. ಪ್ಯಾಸಿವ್ ಪಿನ್ನುಗಳು ಎಷ್ಟು ಸೇರಿದರೂ ಇಆರ್‌ಸಿಗೆ ತಕರಾರಿಲ್ಲ. ರೆಗ್ಯುಲೇಟರ್ ಔಟ್‌ಪುಟ್‌ಗಳು ಸೇರಿದ್ದನ್ನು ಮಾತ್ರ ಅದು ಹೇಳಬೇಕಿತ್ತು, ಏಕೆಂದರೆ ಎರಡು ಪವರ್ ಔಟ್‌ಪುಟ್ ಪಿನ್ನುಗಳು ಒಂದೇ ನೆಟ್ಟಿನಲ್ಲಿದ್ದರೆ ಅದು ಎಚ್ಚರಿಸುತ್ತದೆ. ಸೆಟ್ಟಿಂಗ್ ತೆರೆದು ನೋಡಿದರೆ, ಪಿನ್ ಜೋಡಿಗಳ ಚೌಕಟ್ಟಿನಲ್ಲಿ ಆ ಒಂದು ಚೌಕವನ್ನು ಸರಿ ಎಂದು ಬದಲಿಸಿಡಲಾಗಿತ್ತು. ಹಿಂದಿನ ಯಾವುದೋ ವಿನ್ಯಾಸದಲ್ಲಿ ಎರಡು ಪೂರೈಕೆಗಳನ್ನು ಬೇಕೆಂದೇ ಜೋಡಿಸಿದ್ದಾಗ ಹಾಗೆ ಮಾಡಿ, ಆ ಪ್ರಾಜೆಕ್ಟನ್ನೇ ನಕಲು ಮಾಡಿ ಹೊಸದನ್ನು ಶುರು ಮಾಡಿದ್ದರು. ಕಾವಲುಗಾರ ಬಾಗಿಲಲ್ಲೇ ಇದ್ದ, ಅವನ ಬಾಯಿಗೆ ಬಟ್ಟೆ ತುರುಕಲಾಗಿತ್ತು.

ಕೈಯಲ್ಲಿ ಹುಡುಕುವುದು ಏಕೆ ಸಾಲದು

ಇಲ್ಲಿಗೆ ಮೂಲ ದೋಷ ಸಿಕ್ಕಿತ್ತು. ಚಿಹ್ನೆ ಬದಲಿಸಿ ಬಿಲ್ ಕಳಿಸಬಹುದಿತ್ತು. ಆದರೆ ಒಂದು ಗ್ಲೋಬಲ್ ಹೆಸರು ಹೀಗೆ ನುಗ್ಗಿದ್ದರೆ ಇನ್ನೆಷ್ಟಿವೆ ಎಂಬ ಪ್ರಶ್ನೆಗೆ ಹಾಳೆಗಳನ್ನು ಒಂದೊಂದಾಗಿ ತೆರೆದು ನೋಡಿದರೆ ಉತ್ತರ ಸಿಗುವುದಿಲ್ಲ. ಒಂದು ಹಾಳೆಯಲ್ಲಿ ನೋಡಿದಾಗ ಯಾವ ಗ್ಲೋಬಲ್ ಹೆಸರೂ ತಪ್ಪಾಗಿ ಕಾಣುವುದಿಲ್ಲ. ತಪ್ಪು ಇರುವುದು ಹೆಸರು ಮತ್ತು ಹಾಳೆಯ ಪ್ರತಿಗಳ ಸಂಖ್ಯೆ ಈ ಎರಡರ ಗುಣಾಕಾರದಲ್ಲಿ. ಅದನ್ನು ಎಣಿಸಲು ಸ್ಕ್ರಿಪ್ಟ್ ಬೇಕು.

ಬೆಂಗಳೂರಿನಲ್ಲಿ ಚಿಪ್ ವಿನ್ಯಾಸದ ಕೆಲಸದಲ್ಲಿದ್ದಾಗ ಇದು ದಿನನಿತ್ಯದ ಮಾತಾಗಿತ್ತು. ಚಿಪ್ ವಿನ್ಯಾಸದ ತಂತ್ರಾಂಶವಾದ ಕೇಡೆನ್ಸ್ ವರ್ಚುಸೊದಲ್ಲಿ ಹೆಸರಿನ ಕೊನೆಗೆ ಆಶ್ಚರ್ಯಸೂಚಕ ಚಿಹ್ನೆ ಇದ್ದರೆ ಅದು ಗ್ಲೋಬಲ್ ನೆಟ್. ಅಲ್ಲಿನ ಸ್ಕಿಲ್ ಭಾಷೆಯಲ್ಲಿ ಪ್ರತಿ ಸೆಲ್‌ನ (ಚಿಪ್ ನಕ್ಷೆಯ ಒಂದು ಘಟಕ) ನೆಟ್ಟುಗಳನ್ನು ಕೇಳಿ, ಗ್ಲೋಬಲ್ ಆದವನ್ನು ಬರೆದುಕೊಂಡು, ಒಳಗಿನ ಘಟಕಗಳ ಮೂಲ ಸೆಲ್‌ಗೆ ಇಳಿದು ಅದನ್ನೇ ಮತ್ತೆ ಮಾಡುವ ಚಿಕ್ಕ ಸ್ಕ್ರಿಪ್ಟ್ ಪ್ರತಿ ತಂಡದಲ್ಲೂ ಒಬ್ಬರ ಬಳಿಯಾದರೂ ಇರುತ್ತದೆ. ಸರ್ಕ್ಯೂಟ್ ಅನುಕರಣೆಯ ತಂತ್ರಾಂಶ ಸ್ಪೈಸ್‌ನ ನೆಟ್‌ಲಿಸ್ಟ್‌ನಲ್ಲಿ (ಯಾವ ಪಿನ್ ಯಾವುದಕ್ಕೆ ಸೇರಿದೆ ಎಂಬ ಪಟ್ಟಿ) ಸೊನ್ನೆ ಎಂಬ ನೋಡ್ ಯಾವ ಉಪಸರ್ಕ್ಯೂಟಿನೊಳಗೆ ಬಂದರೂ ಒಂದೇ ಗ್ರೌಂಡ್. ಬೇರೆ ಹೆಸರುಗಳನ್ನು ಗ್ಲೋಬಲ್ ಮಾಡಲು ಎಚ್‌ಸ್ಪೈಸ್, ಎನ್‌ಜಿಸ್ಪೈಸ್‌ಗಳಲ್ಲಿ ಅದಕ್ಕೆಂದೇ ಒಂದು ಸಾಲು ಬರೆಯಬೇಕು. ಬೋರ್ಡ್ ವಿನ್ಯಾಸದ ಇನ್ನೊಂದು ತಂತ್ರಾಂಶ ಆಲ್ಟಿಯಂನಲ್ಲಿ ಕಟ್ಟುನಿಟ್ಟಿನ ಹೈರಾರ್ಕಿ ಎಂಬ ಆಯ್ಕೆ ಮಾಡಿದರೆ ಪವರ್ ಪೋರ್ಟ್‌ಗಳೂ ಆಯಾ ಹಾಳೆಗೇ ಸೀಮಿತವಾಗುತ್ತವೆ. ಚಿಪ್ ವಿನ್ಯಾಸದವರು ಇದಕ್ಕೆ ಹೆದರುವಷ್ಟು ಬೋರ್ಡ್ ವಿನ್ಯಾಸದವರು ಹೆದರುವುದಿಲ್ಲ, ಏಕೆಂದರೆ ಬೋರ್ಡ್ ನಕ್ಷೆ ಬಹುಕಾಲ ಚಪ್ಪಟೆಯಾಗಿಯೇ ಇತ್ತು. ಒಂದೇ ಹಾಳೆಯನ್ನು ಹಲವು ಸಲ ಇಡುವ ಅಭ್ಯಾಸ ಬಂದ ಮೇಲೂ ಹಳೆಯ ನಿಶ್ಚಿಂತೆ ಹಾಗೇ ಉಳಿದಿದೆ.

ಸ್ಕ್ರಿಪ್ಟ್ ಮಾಡಿದ ಕೆಲಸ

ಕಿಕ್ಯಾಡ್‌ನ ಪೈಥಾನ್ ಸೌಲಭ್ಯ ಪಿಸಿಬಿ (ಬೋರ್ಡಿನ ಲೇಔಟ್) ಕಡೆಗೆ ಮಾತ್ರ, ಸ್ಕೀಮ್ಯಾಟಿಕ್ ಸಂಪಾದಕಕ್ಕೆ ಅಂತಹ ಬಾಗಿಲಿಲ್ಲ. ಹಾಗಾಗಿ ಕಡತವನ್ನೇ ನೇರವಾಗಿ ಓದಬೇಕಾಯಿತು. ಆರನೆಯ ಆವೃತ್ತಿಯಿಂದ ಸ್ಕೀಮ್ಯಾಟಿಕ್ ಕಡತ ಎಸ್-ಎಕ್ಸ್‌ಪ್ರೆಷನ್ ರೂಪದಲ್ಲಿದೆ, ಅಂದರೆ ಆವರಣಗಳೊಳಗೆ ಆವರಣ, ಅದರೊಳಗೆ ಹೆಸರು ಮತ್ತು ಮೌಲ್ಯ. ಆವರಣಗಳನ್ನೂ ಉದ್ಧರಣ ಚಿಹ್ನೆಯೊಳಗಿನ ಪಠ್ಯವನ್ನೂ ಸರಿಯಾಗಿ ಬಿಡಿಸುವ ಪಾರ್ಸರ್‌ಗೆ ಐವತ್ತು ಸಾಲೂ ಬೇಡ. ಅಷ್ಟೂ ಬರೆಯದೆ ಪಠ್ಯ ಹುಡುಕುವ ಆಜ್ಞೆಯಿಂದ ಗ್ಲೋಬಲ್ ಲೇಬಲ್ ಎಂಬ ಪದವನ್ನು ಹುಡುಕಿದರೆ ಸಾಲದೇ ಎಂದು ಕಂಪನಿಯ ವಿನ್ಯಾಸಕರು ಕೇಳಿದರು. ಹಾಗೆ ಹುಡುಕಿದರೆ ಪವರ್ ಚಿಹ್ನೆಗಳು ಸಿಗುವುದಿಲ್ಲ, ಏಕೆಂದರೆ ಅವು ಕಡತದಲ್ಲಿ ಲೇಬಲ್‌ಗಳಾಗಿರದೆ ಸಾಮಾನ್ಯ ಘಟಕಗಳಂತೆಯೇ ಇರುತ್ತವೆ. ನಮ್ಮ ಪ್ರಕರಣದ ಅಪರಾಧಿಯೇ ತಪ್ಪಿಸಿಕೊಳ್ಳುತ್ತಿತ್ತು.

ಸ್ಕ್ರಿಪ್ಟ್ ಪ್ರತಿ ಕಡತವನ್ನು ಒಂದೇ ಸಲ ಓದಿ ಅದರಲ್ಲಿ ಹುಟ್ಟುವ ಗ್ಲೋಬಲ್ ಹೆಸರುಗಳನ್ನು ನೆನಪಿಟ್ಟುಕೊಳ್ಳುತ್ತದೆ. ಹೆಸರು ಹುಟ್ಟುವ ದಾರಿ ಮೂರು. ಗ್ಲೋಬಲ್ ಲೇಬಲ್ ಸುಲಭ. ಪವರ್ ಚಿಹ್ನೆಯನ್ನು ಗುರುತಿಸಲು ಲೈಬ್ರರಿಯ ಹೆಸರು ನೋಡಿದರೆ ಸಾಲದು, ಜನ ತಮ್ಮದೇ ಲೈಬ್ರರಿಯಲ್ಲಿ ಚಿಹ್ನೆ ಮಾಡಿಕೊಂಡಿರುತ್ತಾರೆ. ಕಡತದ ಆರಂಭದಲ್ಲಿ ಪ್ರತಿ ಚಿಹ್ನೆಯ ವ್ಯಾಖ್ಯೆ ಅಡಕವಾಗಿರುತ್ತದೆ, ಅದರಲ್ಲಿ ಪವರ್ ಎಂಬ ಗುರುತು ಇದೆಯೇ ಎಂದು ನೋಡಬೇಕು. ನೆಟ್ಟಿನ ಹೆಸರು ಹಳೆಯ ಆವೃತ್ತಿಗಳಲ್ಲಿ ಚಿಹ್ನೆಯ ಪಿನ್ನಿನ ಹೆಸರಿನಿಂದ, ಹೊಸತರಲ್ಲಿ ಅದರ ಮೌಲ್ಯದಿಂದ ಬರುತ್ತದೆ. ನಾನು ಎರಡನ್ನೂ ಓದಿ, ಎರಡೂ ಬೇರೆಯಾಗಿದ್ದರೆ ಎಚ್ಚರಿಸುವಂತೆ ಬರೆದೆ.

ಮೂರನೆಯ ದಾರಿ ಕಳ್ಳದಾರಿ. ಪವರ್ ಇನ್‌ಪುಟ್ ಜಾತಿಯ ಪಿನ್ ಅಡಗಿಸಿಟ್ಟದ್ದಾಗಿದ್ದರೆ, ತಂತಿಯಿಲ್ಲದೆಯೇ ಅದು ತನ್ನ ಹೆಸರಿನ ಗ್ಲೋಬಲ್ ನೆಟ್ಟಿಗೆ ಸೇರಿಬಿಡುತ್ತದೆ. ಲಾಜಿಕ್ ಚಿಪ್‌ಗಳ ಹಳೆಯ ಚಿಹ್ನೆಗಳಲ್ಲಿ ನಕ್ಷೆ ಚೊಕ್ಕಟವಾಗಿ ಕಾಣಲಿ ಎಂದು ವಿದ್ಯುತ್ ಪಿನ್ನುಗಳನ್ನು ಹೀಗೆ ಅಡಗಿಸುವ ರೂಢಿಯಿತ್ತು. ಹೊಸ ಆವೃತ್ತಿಗಳಲ್ಲಿ ಅಡಗಿಸುವ ಗುರುತನ್ನು ಬರೆಯುವ ಕ್ರಮ ಬದಲಾಗಿದೆ, ಆದ್ದರಿಂದ ಎರಡೂ ಬಗೆಯನ್ನು ಗುರುತಿಸಬೇಕು. ಉಪಹಾಳೆಯ ಕಡತದ ಹೆಸರಿರುವ ಗುಣಲಕ್ಷಣದ ಕಥೆಯೂ ಹೀಗೇ. ಆರನೆಯ ಆವೃತ್ತಿಯಲ್ಲಿ ಅದು ಎರಡು ಪದ, ಏಳರಿಂದ ಒಂದೇ ಪದ. ಇಂತಹ ಸಣ್ಣ ವ್ಯತ್ಯಾಸವನ್ನು ಮರೆತ ಸ್ಕ್ರಿಪ್ಟ್ ಮೇಲಿನ ಹಾಳೆಯಲ್ಲೇ ನಿಂತು, ಗ್ಲೋಬಲ್ ಹೆಸರುಗಳು ಕಡಿಮೆ ಇವೆ ಎಂದು ಸಂತೋಷದ ವರದಿ ಕೊಡುತ್ತದೆ. ಉಪಹಾಳೆ ಒಂದೂ ಸಿಗದಿದ್ದರೆ ವರದಿಯ ಬದಲು ದೋಷ ಸಂದೇಶ ಕೊಟ್ಟು ನಿಲ್ಲುವಂತೆ ಬರೆಯುವುದು ಒಳ್ಳೆಯದು.

ಆಮೇಲೆ ಎರಡನೆಯ ಸುತ್ತು. ಮೇಲಿನ ಹಾಳೆಯಿಂದ ಹೊರಟು ಪ್ರತಿ ಪೆಟ್ಟಿಗೆಯೊಳಗೂ ಇಳಿದು, ಒಂದೊಂದು ಕಡತ ಎಷ್ಟು ಬೇರೆ ಬೇರೆ ಮಾರ್ಗಗಳಲ್ಲಿ ತಲುಪುತ್ತದೆ ಎಂದು ಎಣಿಸುವುದು. ಚಿಪ್ ಕೆಲಸದ ಸ್ಕ್ರಿಪ್ಟ್‌ಗಳಲ್ಲಿ ಒಮ್ಮೆ ನೋಡಿದ ಸೆಲ್ಲನ್ನು ಮತ್ತೆ ನೋಡದೆ ಸಮಯ ಉಳಿಸುತ್ತೇವೆ, ಹೆಸರುಗಳ ಪಟ್ಟಿಯಷ್ಟೇ ಬೇಕಿದ್ದರೆ ಅದು ಸರಿ. ಇಲ್ಲಿ ಆ ಜಾಣತನ ಬೇಡ. ನಾಲ್ಕು ಸಲ ಇಟ್ಟ ಹಾಳೆಯೊಳಗೆ ಇನ್ನೊಂದು ಹಾಳೆ ಎರಡು ಸಲ ಇದ್ದರೆ ಅದರ ಪ್ರತಿಗಳು ಎಂಟು, ಆ ಎಂಟೇ ನಮಗೆ ಬೇಕಾದ ಸಂಖ್ಯೆ. ಬೋರ್ಡ್ ನಕ್ಷೆಯಲ್ಲಿ ಹಾಳೆಗಳು ಕಡಿಮೆ, ಎಲ್ಲ ಮಾರ್ಗ ತುಳಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

ಇದರ ಜೊತೆಗೆ ಕಿಕ್ಯಾಡ್‌ನದೇ ನೆಟ್‌ಲಿಸ್ಟ್ ತೆಗೆದು ತಾಳೆ ನೋಡಿದೆ. ಏಳನೆಯ ಆವೃತ್ತಿಯಿಂದ ಆಜ್ಞಾ ಸಾಲಿನಿಂದಲೇ ನೆಟ್‌ಲಿಸ್ಟ್ ತೆಗೆಯಬಹುದು. ಅದರಲ್ಲಿ ಸ್ಥಳೀಯ ನೆಟ್ಟುಗಳ ಹೆಸರು ಹಾಳೆಯ ಮಾರ್ಗದೊಂದಿಗೆ, ಅಂದರೆ ಓರೆಗೆರೆಯಿಂದ ಶುರುವಾಗುತ್ತದೆ. ತಂತ್ರಾಂಶ ತಾನೇ ಇಟ್ಟ ಹೆಸರುಗಳನ್ನು ಬಿಟ್ಟರೆ, ಓರೆಗೆರೆ ಇಲ್ಲದ ಹೆಸರುಗಳು ಗ್ಲೋಬಲ್. ಹಾಗಾದರೆ ನೆಟ್‌ಲಿಸ್ಟ್ ಒಂದೇ ಸಾಲದೇ? ಒಂದೇ ನೆಟ್ಟಿಗೆ ಎರಡು ಗ್ಲೋಬಲ್ ಹೆಸರು ತಾಗಿದ್ದರೆ ನೆಟ್‌ಲಿಸ್ಟ್‌ನಲ್ಲಿ ಉಳಿಯುವುದು ಒಂದೇ, ಇನ್ನೊಂದು ಸದ್ದಿಲ್ಲದೆ ಮಾಯ. ಹೆಸರು ಲೇಬಲ್‌ನಿಂದ ಬಂತೋ ಅಡಗಿದ ಪಿನ್ನಿನಿಂದ ಬಂತೋ ಎಂಬುದೂ ಅಲ್ಲಿಲ್ಲ. ಕಡತ ಓದಿದ ಪಟ್ಟಿಗೂ ನೆಟ್‌ಲಿಸ್ಟ್ ಪಟ್ಟಿಗೂ ಇರುವ ವ್ಯತ್ಯಾಸವೇ ಒಮ್ಮೊಮ್ಮೆ ಅತ್ಯಂತ ಉಪಯುಕ್ತ ಸುಳಿವು.

ಪಟ್ಟಿಯಲ್ಲಿ ಬಂದದ್ದು

ಹೆಚ್ಚಿನ ಹೆಸರುಗಳು ನಿರುಪದ್ರವಿಗಳು. ಪುನರಾವರ್ತಿತ ಹಾಳೆಯಲ್ಲಿ ಹುಟ್ಟಿದವನ್ನು, ಮತ್ತು ಅಡಗಿದ ಪಿನ್ನಿನಿಂದ ಬಂದವನ್ನು ಮೇಲಕ್ಕೆ ತಂದಾಗ ಉಳಿದದ್ದು ಇಷ್ಟು:

ಜಿಎನ್‌ಡಿ: ಪವರ್ ಚಿಹ್ನೆ, ಚಾನಲ್ ಹಾಳೆ, ಪ್ರತಿಗಳು 4
ಜಿಎನ್‌ಡಿ_ಐಸೊ: ಪವರ್ ಚಿಹ್ನೆ, ಚಾನಲ್ ಹಾಳೆ ಮಾತ್ರ, ಪ್ರತಿಗಳು 4
3ವಿ3_ಐಸೊ: ಪವರ್ ಚಿಹ್ನೆ, ಚಾನಲ್ ಹಾಳೆ ಮಾತ್ರ, ಪ್ರತಿಗಳು 4
ಎಸ್‌ಸಿಕೆ (ಗಡಿಯಾರ ಸಂಕೇತ): ಗ್ಲೋಬಲ್ ಲೇಬಲ್, ಚಾನಲ್ ಹಾಳೆ, ಪ್ರತಿಗಳು 4
ಮಿಸೊ (ಚಿಪ್ ತನ್ನ ಓದುವಿಕೆ ಕಳಿಸುವ ತಂತಿ): ಗ್ಲೋಬಲ್ ಲೇಬಲ್, ಚಾನಲ್ ಹಾಳೆ, ಪ್ರತಿಗಳು 4
ಅಲಾರಂ: ಗ್ಲೋಬಲ್ ಲೇಬಲ್, ಚಾನಲ್ ಹಾಳೆ, ಪ್ರತಿಗಳು 4
ವಿಸಿಸಿ: ಅಡಗಿದ ಪಿನ್, ಮೇಲಿನ ಹಾಳೆ, ಪ್ರತಿ 1

ಎರಡನೆಯ ಮತ್ತು ಮೂರನೆಯ ಸಾಲಿನಲ್ಲಿರುವ "ಮಾತ್ರ" ಎಂಬ ಪದವನ್ನು ಗಮನಿಸಿ. ಒಂದು ಗ್ಲೋಬಲ್ ಹೆಸರು ಪುನರಾವರ್ತಿತ ಹಾಳೆಯನ್ನು ಬಿಟ್ಟು ಬೇರೆಲ್ಲೂ ಬಳಕೆಯಾಗಿಲ್ಲ ಎಂದರೆ, ಅದು ಹೊರಗಿನ ಯಾರ ಜೊತೆಗೂ ಮಾತಾಡಲು ಗ್ಲೋಬಲ್ ಆಗಿಲ್ಲ, ತನ್ನ ಪ್ರತಿಗಳನ್ನು ಪರಸ್ಪರ ಅಂಟಿಸುವುದಷ್ಟೇ ಅದರ ಕೆಲಸ. ಬಹುತೇಕ ಸಂದರ್ಭಗಳಲ್ಲಿ ಅದನ್ನು ಯಾರೂ ಬಯಸಿರುವುದಿಲ್ಲ. ಸ್ಕ್ರಿಪ್ಟಿನಿಂದ ಒಂದೇ ಒಂದು ನಿಯಮ ಉಳಿಸಿಕೊಳ್ಳಿ ಎಂದು ಯಾರಾದರೂ ಹೇಳಿದರೆ ನಾನು ಇದನ್ನೇ ಉಳಿಸಿಕೊಳ್ಳುತ್ತೇನೆ.

ಅಲಾರಂ ಸಾಲು ಮೇಲ್ನೋಟಕ್ಕೆ ಅದೇ ಬಗೆಯದು, ತೀರ್ಪು ಮಾತ್ರ ಬೇರೆ. ಪ್ರತಿ ಚಾನಲ್‌ನ ದೋಷ ಸೂಚನೆ, ಬೆಳಕಿನ ಮೂಲಕ ಸಂಕೇತ ಕಳಿಸುವ ಆಪ್ಟೊಕಪ್ಲರ್ ದಾಟಿ ಮುಖ್ಯ ಬದಿಗೆ ಬರುತ್ತದೆ. ಅದರ ಔಟ್‌ಪುಟ್ ಓಪನ್ ಕಲೆಕ್ಟರ್, ಅಂದರೆ ತಂತಿಯನ್ನು ಕೆಳಕ್ಕೆ ಮಾತ್ರ ಎಳೆಯಬಲ್ಲದು. ನಾಲ್ಕನ್ನೂ ಒಂದೇ ತಂತಿಗೆ ಕಟ್ಟಿ, ಅದನ್ನು ಮೇಲ್ಮಟ್ಟದಲ್ಲಿ ಹಿಡಿದಿಡುವ ಒಂದೇ ಪುಲ್-ಅಪ್ ರೆಸಿಸ್ಟರ್ ಹಾಕಿದ್ದಾರೆ. ಯಾರೊಬ್ಬರು ಎಳೆದರೂ ಮೈಕ್ರೋಕಂಟ್ರೋಲರ್‌ಗೆ ಸುದ್ದಿ ಮುಟ್ಟುತ್ತದೆ. ಬೇಕೆಂದೇ ಮಾಡಿದ ಜೋಡಣೆ, ಸರಿಯಾಗಿದೆ.

ಮಿಸೊ ಸಾಲಿಗೆ ಸ್ವಲ್ಪ ಹೊತ್ತು ಹಿಡಿಯಿತು. ಮ್ಯಾಕ್ಸ್31855 ತನ್ನನ್ನು ಆಯ್ಕೆ ಮಾಡದಿದ್ದಾಗ ಔಟ್‌ಪುಟ್ ಬಿಟ್ಟುಕೊಡುತ್ತದೆ, ಆದ್ದರಿಂದ ನಾಲ್ಕು ಚಿಪ್‌ಗಳು ಒಂದೇ ತಂತಿಯನ್ನು ಹಂಚಿಕೊಳ್ಳಬಹುದು. ಆದರೆ ನಡುವೆ ಡಿಜಿಟಲ್ ಐಸೊಲೇಟರ್ ಇದೆ. ಈಚೆ ಬದಿಯಲ್ಲಿ ತಂತಿಯನ್ನು ಹಿಡಿದಿರುವುದು ಐಸೊಲೇಟರ್‌ನ ಔಟ್‌ಪುಟ್, ಅದು ತಾನಾಗಿ ಬಿಟ್ಟುಕೊಡುವುದಿಲ್ಲ. ಬಳಸಿದ್ದ ಎಡಿಯುಎಂ1401ರಲ್ಲಿ ಔಟ್‌ಪುಟ್ಟನ್ನು ಬಿಡಿಸುವ ಎನೇಬಲ್ ಪಿನ್ ಇದೆ. ಚಿಪ್ಪನ್ನು ಆಯ್ಕೆ ಮಾಡುವ ಚಿಪ್ ಸೆಲೆಕ್ಟ್ ಸಂಕೇತ ಕೆಳಮಟ್ಟದಲ್ಲಿ ಸಕ್ರಿಯ, ಎನೇಬಲ್ ಮೇಲ್ಮಟ್ಟದಲ್ಲಿ ಸಕ್ರಿಯ. ವಿನ್ಯಾಸಕರು ನಡುವೆ ಮಟ್ಟವನ್ನು ತಿರುವುಮುರುವು ಮಾಡುವ 74ಎಚ್‌ಸಿ04 ಇನ್ವರ್ಟರ್ ಚಿಪ್ ಹಾಕಿದ್ದರು. ಯೋಚನೆ ಸರಿ, ಸಾಲಿಗೆ ಒಪ್ಪಿಗೆ ಕೊಟ್ಟೆ.

ಒಪ್ಪಿಗೆ ಕೊಟ್ಟು ಕೊನೆಯ ಸಾಲಿಗೆ ಬಂದರೆ, ವಿಸಿಸಿ ಎಂಬ ಅಡಗಿದ ಪಿನ್ ಇದ್ದದ್ದು ಅದೇ ಇನ್ವರ್ಟರ್‌ನಲ್ಲಿ! ವರ್ಷಗಳ ಹಿಂದಿನ ಸ್ವಂತ ಲೈಬ್ರರಿಯ ಚಿಹ್ನೆ ಅದು. ಮೇಲಿನ ಹಾಳೆಯಲ್ಲಿ ಎಲ್ಲೂ ವಿಸಿಸಿ ಎಂದು ಬರೆದಿಲ್ಲ, ಅಲ್ಲಿರುವುದೆಲ್ಲ 3.3 ವೋಲ್ಟ್. ಇನ್ವರ್ಟರ್‌ಗೂ ಅದೇ ಹೋಗುತ್ತದೆ ಎಂದು ಎಲ್ಲರ ನಂಬಿಕೆ. ಆದರೆ ಸಂವಹನದ ಉಪಹಾಳೆಯಲ್ಲಿ ಯುಎಸ್‌ಬಿಯ 5 ವೋಲ್ಟ್‌ಗೆ ವಿಸಿಸಿ ಎಂಬ ಪವರ್ ಚಿಹ್ನೆ ಹಾಕಲಾಗಿತ್ತು. ಹೀಗೆ ಇನ್ವರ್ಟರ್ ಯಾರಿಗೂ ತಿಳಿಯದೆ 5 ವೋಲ್ಟ್‌ನಲ್ಲಿ ಓಡುತ್ತಿತ್ತು. ಎಚ್‌ಸಿ ಜಾತಿಯ ಚಿಪ್ 5 ವೋಲ್ಟ್‌ನಲ್ಲಿದ್ದಾಗ ಮೇಲ್ಮಟ್ಟವೆಂದು ಖಚಿತವಾಗಿ ಗುರುತಿಸಲು 3.5 ವೋಲ್ಟ್ ಬೇಕು. ಮೈಕ್ರೋಕಂಟ್ರೋಲರ್ ಕೊಡುತ್ತಿದ್ದದ್ದು 3.3. ಕೋಣೆಯ ತಾಪಮಾನದಲ್ಲಿ ಮೇಜಿನ ಮೇಲೆ ಅದು ಕೆಲಸ ಮಾಡುತ್ತಿದ್ದದ್ದು ಅದೃಷ್ಟದಿಂದ, ಅದೂ ಯುಎಸ್‌ಬಿ ಕೇಬಲ್ ಸಿಕ್ಕಿಸಿದ್ದಾಗ. ಅದರ 5 ವೋಲ್ಟ್ ಔಟ್‌ಪುಟ್ 3.3 ವೋಲ್ಟ್‌ನ ಐಸೊಲೇಟರ್ ಪಿನ್ನಿಗೆ ಬಡಿಯುತ್ತಿದ್ದದ್ದು ಬೇರೆ. ತೋಟದಲ್ಲಿ ಯುಎಸ್‌ಬಿ ಕೇಬಲ್ ಇಲ್ಲದಾಗ ಒಮ್ಮೊಮ್ಮೆ ಎಲ್ಲ ಚಾನಲ್‌ಗಳೂ ಏಕಕಾಲಕ್ಕೆ ಅಸಂಬದ್ಧ ಸಂಖ್ಯೆ ತೋರಿಸುತ್ತವೆ ಎಂಬ ದೂರೊಂದು ವರದಿಯ ಕೊನೆಯಲ್ಲಿ, ಗಂಭೀರವಲ್ಲದ್ದು ಎಂಬ ತಲೆಬರಹದಡಿ ಬಿದ್ದಿತ್ತು.

ನನ್ನ ಅಭಿಪ್ರಾಯದಲ್ಲಿ ಇಡೀ ಪ್ರಕರಣದಲ್ಲಿ ಸ್ಕ್ರಿಪ್ಟ್ ತನ್ನ ಕೂಲಿ ಗಳಿಸಿಕೊಂಡದ್ದು ಇಲ್ಲಿ. ಜಿಎನ್‌ಡಿ_ಐಸೊ ಕಿತ್ತಿಟ್ಟ ಮಾಡ್ಯೂಲಿನಿಂದಲೇ ಹೊರಬರುತ್ತಿತ್ತು. ಇನ್ವರ್ಟರ್‌ಗೂ ವಿಸಿಸಿಗೂ ಇದ್ದ ಸಂಪರ್ಕ ಮಾತ್ರ ನಕ್ಷೆಯ ಯಾವ ಹಾಳೆಯಲ್ಲೂ ಕಣ್ಣಿಗೆ ಬೀಳುವಂತೆ ಇರಲೇ ಇಲ್ಲ.

ತಾಮ್ರದಲ್ಲಿ ತಾಳೆ

ನಕ್ಷೆಯಲ್ಲಿ ಸಿಕ್ಕಿದ್ದನ್ನು ಬೋರ್ಡಿನ ಮೇಲೆ ಖಚಿತಪಡಿಸಿಕೊಳ್ಳದೆ ಹೊಸ ಬೋರ್ಡಿಗೆ ದುಡ್ಡು ಹಾಕಿ ಎನ್ನುವುದು ಸರಿಯಲ್ಲ. ಲೇಔಟ್ ಮಾಡಿದವರು ತಮಗೆ ಸಿಕ್ಕ ನೆಟ್‌ಲಿಸ್ಟಿಗೆ ನಿಷ್ಠರಾಗಿದ್ದರು. ಜಿಎನ್‌ಡಿ_ಐಸೊ ಒಂದೇ ನೆಟ್ ಎಂದು ಕಂಡಿದ್ದರಿಂದ ಕೆಳಪದರದಲ್ಲಿ ನಾಲ್ಕು ಚಾನಲ್‌ಗಳ ಕೆಳಗೂ ಒಂದೇ ತಾಮ್ರದ ಹಾಸು ಹರಡಿದ್ದರು. ಅದೃಷ್ಟಕ್ಕೆ ಚಾನಲ್‌ಗಳ ನಡುವೆ ಆ ಹಾಸು ಕಿರಿದಾಗಿ ಕತ್ತಿನಂತಿತ್ತು. ಹಸಿರು ಲೇಪನವನ್ನು ಕೆರೆದು, ಚೂಪಾದ ಬ್ಲೇಡಿನಿಂದ ಮೂರು ಕತ್ತುಗಳನ್ನೂ ಸೀಳಿದೆವು. 3ವಿ3_ಐಸೊ ಗೆರೆಗಳನ್ನೂ ಹಾಗೇ ಕಡಿದೆವು. ಪ್ರತಿ ಸೀಳಿಕೆಯ ನಂತರ ಮೀಟರ್ ಇಟ್ಟು ನೋಡುವಾಗ ಬೀಪ್ ನಿಲ್ಲಬೇಕು. ಎರಡನೆಯ ಕತ್ತಿನಲ್ಲಿ ನಿಲ್ಲಲಿಲ್ಲ, ತಾಮ್ರದ ಒಂದು ಎಳೆ ಅಂಚಿನಲ್ಲಿ ಉಳಿದಿತ್ತು. ಅದನ್ನೂ ಎತ್ತಿದ ಮೇಲೆ ಸದ್ದು ನಿಂತಿತು. ಮೂರನೆಯ ಚಾನಲ್‌ನ ಮಾಡ್ಯೂಲ್ ಇನ್ನೂ ಹಾಕಿರಲಿಲ್ಲ. ಈ ಸಲ ಆ ಚಾನಲ್ ನಿಜವಾಗಿಯೂ ಸತ್ತಿತು, ಬೆಸುಗೆಯ ಹುಡುಗ ಖುಷಿಯಿಂದ ಹೊಸ ಮಾಡ್ಯೂಲ್ ತಂದ.

ಆ ಬೋರ್ಡನ್ನು ತೋಟದ ಡ್ರೈಯರ್‌ಗೆ ಸಿಕ್ಕಿಸಿ ನಾಲ್ಕೂ ಸೆನ್ಸರ್ ಹಾಕಿ ಬ್ಲೋವರ್ ಓಡಿಸಲಾಯಿತು. ಹೊಯ್ದಾಟ ಇರಲಿಲ್ಲ. ಸಾಫ್ಟ್‌ವೇರ್‌ನಲ್ಲಿ ಸೇರಿಸಿದ್ದ ಸರಾಸರಿಯನ್ನು ತೆಗೆದು ಓಡಿಸಿದಾಗಲೂ ಇರಲಿಲ್ಲ.

ನಕ್ಷೆಯಲ್ಲಿ ತಿದ್ದುಪಡಿ ಚಿಕ್ಕದು. ಚಾನಲ್ ಹಾಳೆಯ ಎರಡು ಐಸೊಲೇಟೆಡ್ ಪವರ್ ಚಿಹ್ನೆಗಳನ್ನು ತೆಗೆದು ಸಾದಾ ಲೇಬಲ್ ಹಾಕಿದರೆ, ಪ್ರತಿ ಪ್ರತಿಗೂ ತನ್ನದೇ ಮಾರ್ಗವಿರುವ ಬೇರೆ ಬೇರೆ ನೆಟ್ ಹುಟ್ಟುತ್ತದೆ. ವಿನ್ಯಾಸಕರು ಬೇರೊಂದು ದಾರಿಯನ್ನೂ ಮುಂದಿಟ್ಟರು. ಚಿಹ್ನೆಯನ್ನೇ ಇಟ್ಟುಕೊಂಡು, ಹಾಳೆಯನ್ನು ನಾಲ್ಕು ಕಡತಗಳಾಗಿ ನಕಲು ಮಾಡಿ, ಹೆಸರುಗಳಿಗೆ ಒಂದು, ಎರಡು, ಮೂರು, ನಾಲ್ಕು ಎಂದು ಸೇರಿಸುವುದು. ನಾನು ಬೇಡವೆಂದೆ. ಮುಂದೆ ಒಂದು ಕೆಪಾಸಿಟರ್ ಬದಲಿಸಬೇಕಾದಾಗ ನಾಲ್ಕು ಕಡತ ತಿದ್ದಬೇಕು, ಮೂರನ್ನೇ ತಿದ್ದಿ ನಾಲ್ಕನೆಯದನ್ನು ಮರೆಯುವ ದಿನ ಬಂದೇ ಬರುತ್ತದೆ. ಗ್ರೌಂಡ್ ಚಿಹ್ನೆಯ ಚಿತ್ರವಿಲ್ಲದೆ ನಕ್ಷೆ ಓದಲು ಕಷ್ಟ ಎಂಬ ಅವರ ಆಕ್ಷೇಪದಲ್ಲಿ ಹುರುಳಿತ್ತು. ಆದ್ದರಿಂದ ಹಾಳೆಯ ಬಲಭಾಗಕ್ಕೆ ಚುಕ್ಕೆಗೆರೆಯ ಪೆಟ್ಟಿಗೆ ಎಳೆದು ಐಸೊಲೇಟೆಡ್ ಬದಿ ಎಂದು ಬರೆದರು. ಇನ್ವರ್ಟರ್‌ಗೆ ವಿದ್ಯುತ್ ಪಿನ್ ಕಾಣುವ ಹೊಸ ಚಿಹ್ನೆ ಬಂತು. ಇಆರ್‌ಸಿಯ ಬಾಯಿಯ ಬಟ್ಟೆಯನ್ನೂ ತೆಗೆಯಲಾಯಿತು.

ಅನುಮತಿ ಪಟ್ಟಿ

ಸ್ಕ್ರಿಪ್ಟ್ ಈಗ ಕಂಪನಿಯ ಬಳಿಯೇ ಇದೆ. ಪ್ರತಿ ಪ್ರಾಜೆಕ್ಟಿನ ಜೊತೆ ಒಂದು ಸಣ್ಣ ಪಠ್ಯ ಕಡತವಿರುತ್ತದೆ, ಅದರಲ್ಲಿ ಅನುಮತಿ ಇರುವ ಗ್ಲೋಬಲ್ ಹೆಸರುಗಳು ಮತ್ತು ಪ್ರತಿಯೊಂದಕ್ಕೂ ಒಂದು ಸಾಲಿನ ಕಾರಣ. ಪಟ್ಟಿಯಲ್ಲಿಲ್ಲದ ಹೆಸರು ಸಿಕ್ಕರೆ ಸ್ಕ್ರಿಪ್ಟ್ ನೆಟ್‌ಲಿಸ್ಟ್ ಹೊರಬಿಡುವುದಿಲ್ಲ. ಕಾರಣ ಬರೆಯಲೇಬೇಕು ಎಂದು ನಾನು ಪಟ್ಟು ಹಿಡಿದೆ. "ನಾಲ್ಕು ಆಪ್ಟೊಕಪ್ಲರ್‌ಗಳ ಓಪನ್ ಕಲೆಕ್ಟರ್ ಒಂದೇ ಪುಲ್-ಅಪ್‌ಗೆ" ಎಂದು ಬರೆದವರಿಗೆ ತಾವು ಮಾಡುತ್ತಿರುವುದು ಗೊತ್ತಿದೆ. "ಹಳೆಯ ಪ್ರಾಜೆಕ್ಟಿನಲ್ಲಿತ್ತು" ಎಂದು ಬರೆದರೆ ಅಲ್ಲಿ ಹುಡುಕಲು ಕೆಲಸವಿದೆ. ಬಸ್‌ಗಳ (ನಕ್ಷೆಯಲ್ಲಿ ಒಂದೇ ಗೆರೆಯಾಗಿ ಬರೆದ ತಂತಿಗಳ ಕಟ್ಟು) ಒಳಗಿನ ಹೆಸರುಗಳನ್ನು ಸ್ಕ್ರಿಪ್ಟ್ ಇನ್ನೂ ಬಿಡಿಸುವುದಿಲ್ಲ. ಈ ಬೋರ್ಡಿನಲ್ಲಿ ಬಸ್ ಇರಲಿಲ್ಲ, ಮುಂದಿನದರಲ್ಲಿ ಬಂದರೆ ಆ ಭಾಗ ಬರೆಯಬೇಕು.

ಅದನ್ನು ಕಂಪನಿಯ ಹಳೆಯ ನಕ್ಷೆಗಳ ಮೇಲೂ ಓಡಿಸಿದೆವು. ಈಗಾಗಲೇ ಮಾರಾಟವಾಗಿರುವ ಎರಡು ಚಾನಲ್‌ಗಳ ಮಾದರಿಯಲ್ಲಿ ಅದೇ ಹಾಳೆ, ಅದೇ ಜಿಎನ್‌ಡಿ_ಐಸೊ, ಪ್ರತಿಗಳು 2. ಅದರ ಬಗ್ಗೆ ದೂರು ಬಂದಿರಲಿಲ್ಲ, ಏಕೆಂದರೆ ಆ ಮಾದರಿಯ ಜೊತೆ ಕೊಡುವ ಎರಡನೆಯ ಸೆನ್ಸರ್‌ನ ತುದಿ ಕವಚದಿಂದ ಬೇರ್ಪಟ್ಟ ಜಾತಿಯದು. ಕಂಪನಿ ಆ ಬೋರ್ಡುಗಳನ್ನು ಹಿಂದಕ್ಕೆ ತರಿಸಲಿಲ್ಲ. ಎರಡನೆಯ ಸೆನ್ಸರ್ ಬದಲಿಸುವಾಗ ಅದೇ ಜಾತಿಯದನ್ನು ಹಾಕಬೇಕೆಂದು ಕೈಪಿಡಿಯಲ್ಲಿ ಒಂದು ಸಾಲು ಸೇರಿಸಿ, ಮುಂದಿನ ತಯಾರಿಕೆಯಿಂದ ಹೊಸ ಹಾಳೆ ಬಳಸಲು ನಿರ್ಧರಿಸಿತು. ಕೊಯ್ಲಿನ ನಡುವೆ ಸೆನ್ಸರ್ ಸುಟ್ಟುಹೋದಾಗ ಅಂಗಡಿಯಲ್ಲಿ ಸಿಕ್ಕಿದ್ದನ್ನು ತಂದು ಹಾಕುವವರು ಕೈಪಿಡಿ ತೆರೆಯುವುದಿಲ್ಲ ಎಂಬ ನನ್ನ ವಾದಕ್ಕೆ, ಟರ್ಮಿನಲ್ ಪಕ್ಕದಲ್ಲೇ ಅಂಟಿಸಲು ಒಂದು ಸ್ಟಿಕರ್ ಕಳುಹಿಸುವುದಾಗಿ ಒಪ್ಪಿದರು.